ಸೋಲುವ ನಾಟಕ ಕಟ್ಟುವುದು ಹೇಗೆ: ಕೊಡಗಿನ ಊರುಗಳಿಗೊಂದು ಫೋರಂ ನಾಟಕದ ಕೈಪಿಡಿ

ನಮ್ಮ ಮೊದಲ ಪ್ರಯೋಗ 15 ನಿಮಿಷಕ್ಕೆ ಮುಗಿಯಿತು. ಆಮೇಲಿನ ಹತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಶಾಲೆ ಮೈದಾನದ ತುಂಬ ಜನ ಕೂತಿದ್ದಾರೆ. ನಾಟಕದ ಮುಖ್ಯ ಪಾತ್ರ ಗೌರಿ. ನಾನು ನಡುವೆ ನಿಂತು, "ಗೌರಿ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ? ಬಂದು ತೋರಿಸಿ" ಅಂತ ಕರೆಯುತ್ತಿದ್ದೇನೆ. ಒಬ್ಬರೂ ಏಳಲಿಲ್ಲ. ಗಾಬರಿಯಲ್ಲಿ ನಾನೇ ಭಾಷಣ ಶುರು ಮಾಡಿದೆ. ಹಕ್ಕು, ಒಗ್ಗಟ್ಟು, ಜಾಗೃತಿ, ಎಲ್ಲ ಬಂತು. ಜನ ಪಾಪ ಚಪ್ಪಾಳೆ ತಟ್ಟಿ ಮನೆಗೆ ಹೋದರು. ಅಷ್ಟು ಬೇಸರದ ಚಪ್ಪಾಳೆ ನಾನು ಮತ್ತೆ ಕೇಳಿಲ್ಲ.

ತಪ್ಪು ಜನರದ್ದಲ್ಲ, ನಾಟಕದ್ದು. ಅದು ಸರಿಯಾಗಿ ಸೋತಿರಲಿಲ್ಲ. ಪ್ರೇಕ್ಷಕ ಎದ್ದು ಬರಬೇಕಾದರೆ "ಛೇ, ಹೀಗಲ್ಲ ಮಾಡಬೇಕಾಗಿದ್ದು" ಅನ್ನುವ ತುರಿಕೆ ಅವನಿಗೆ ಹತ್ತಬೇಕು. ಆ ತುರಿಕೆ ಹತ್ತುವ ಹಾಗೆ ನಾಟಕ ಕಟ್ಟುವುದು ಹೇಗೆ ಅಂತ ನಾವು ಬಿದ್ದು ಎದ್ದು ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದೇನು ಆಟ?

ಫೋರಂ ನಾಟಕದಲ್ಲಿ ಮುಖ್ಯ ಪಾತ್ರ ಸೋಲುತ್ತದೆ, ಆಮೇಲೆ ಪ್ರೇಕ್ಷಕರು ಎದ್ದು ಬಂದು ಆ ಪಾತ್ರದ ಜಾಗದಲ್ಲಿ ಬೇರೆ ದಾರಿ ಆಡಿ ತೋರಿಸುತ್ತಾರೆ. ಇದನ್ನು ಕಟ್ಟಿದವರು ಬ್ರೆಜಿಲ್‌ನ ಅಗುಸ್ಟೊ ಬೋಆಲ್ (1931–2009). 1971ರಲ್ಲಿ ಅಲ್ಲಿನ ಸೇನಾ ಸರ್ಕಾರ ಅವರನ್ನು ಹಿಡಿದು ಹಿಂಸೆ ಕೊಟ್ಟಿತು. ಅವರು ದೇಶ ಬಿಟ್ಟರು. 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ನಾಟಕ ಆಡಿಸುತ್ತಿದ್ದರು. ನಟರು ಕಥೆಯನ್ನು ಕಷ್ಟದ ಘಟ್ಟಕ್ಕೆ ತಂದು ನಿಲ್ಲಿಸುವುದು, ಜನ ಕೂತಲ್ಲಿಂದಲೇ ದಾರಿ ಹೇಳುವುದು, ನಟರು ಅದನ್ನು ಆಡಿ ತೋರಿಸುವುದು: ಆಗ ಇದ್ದ ಪದ್ಧತಿ ಅಷ್ಟೇ.

ಒಂದು ದಿನದ ಕಥೆ ಹೀಗಿತ್ತು. ಓದು ಬರದ ಹೆಂಗಸಿಗೆ ಗಂಡ ಒಂದಿಷ್ಟು ಕಾಗದ ಕೊಟ್ಟು ಜೋಪಾನ ಅಂದಿದ್ದಾನೆ. ಪಕ್ಕದವಳ ಹತ್ತಿರ ಓದಿಸಿದರೆ, ಅವನ ಪ್ರೇಯಸಿ ಬರೆದ ಪತ್ರಗಳು! ಈಗ ಗಂಡ ಮನೆಗೆ ಬರುತ್ತಿದ್ದಾನೆ. ಏನು ಮಾಡಬೇಕು? ಪ್ರೇಕ್ಷಕರಲ್ಲಿದ್ದ ಒಬ್ಬ ಗಟ್ಟಿಗಿತ್ತಿ, "ಅವನ ಹತ್ತಿರ ಸರಿಯಾಗಿ ಮಾತಾಡಲಿ, ಆಮೇಲೆ ಕ್ಷಮಿಸಲಿ" ಎಂದಳು. ನಟಿ ಎಷ್ಟು ಸಲ ಆಡಿದರೂ ಅವಳಿಗೆ ಸಮಾಧಾನವಿಲ್ಲ. ಕೊನೆಗೆ ಬೋಆಲ್, ನೀನೇ ಬಂದು ತೋರಿಸು ಅಂದರು. ಅವಳು ಬಂದವಳೇ ಪೊರಕೆ ಹಿಡಿದು ಗಂಡನ ಪಾತ್ರಧಾರಿಗೆ ಬಾರಿಸಿದಳು. ಸರಿಯಾದ ಮಾತು ಅಂದ್ರೆ ಅವಳ ಲೆಕ್ಕದಲ್ಲಿ ಅದು! ಬಾಯಲ್ಲಿ ಹೇಳುವುದಕ್ಕೂ ಎದ್ದು ಬಂದು ಮಾಡುವುದಕ್ಕೂ ಎಷ್ಟು ದೂರ ಇದೆ ಅಂತ ಬೋಆಲ್‌ಗೆ ಅವತ್ತು ಗೊತ್ತಾಯಿತು. ಫೋರಂ ನಾಟಕ ಶುರುವಾಗಿದ್ದು ಅಲ್ಲಿಂದ.

ನಮಗೆ ಬೀದಿ ನಾಟಕ ಹೊಸದಲ್ಲ. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಕರ್ನಾಟಕದ ಬೀದಿ ಬೀದಿಗೆ ನಾಟಕ ಒಯ್ದಿತು. ಆದರೆ ಬೀದಿ ನಾಟಕ ಹೇಳುತ್ತದೆ, ಫೋರಂ ನಾಟಕ ಕೇಳುತ್ತದೆ. ತಾಳಮದ್ದಳೆ ನೋಡಿದವರಿಗೆ ಇನ್ನೂ ಸುಲಭ. ಪ್ರಸಂಗ ಗೊತ್ತಿದ್ದರೂ ಅರ್ಥಧಾರಿ ಇವತ್ತು ಏನು ಹೇಳುತ್ತಾನೆ ಅನ್ನುವುದು ಗೊತ್ತಿಲ್ಲ. ಹಾಗೆಯೇ ಇಲ್ಲಿ, ಆದರೆ ಅರ್ಥ ಹೇಳುವವರು ಪ್ರೇಕ್ಷಕರು. ದಕ್ಷಿಣ ಕೊಡಗಿನವರಿಗೆ ಕುಂಡೆ ಹಬ್ಬ ನೆನಪಾಗಬಹುದು. ಮೇ ತಿಂಗಳಲ್ಲಿ ಆದಿವಾಸಿ ಜನ ವೇಷ ಹಾಕಿ ಸಿಕ್ಕಿದವರನ್ನೆಲ್ಲ ಬೈದು ದುಡ್ಡು ಕೇಳುತ್ತಾರೆ. ದೊಡ್ಡ ಮನುಷ್ಯರೂ ನಕ್ಕು ಕೊಡಬೇಕು. ವರ್ಷವಿಡೀ ಆಡಲಾಗದ ಮಾತನ್ನು ಆಡಲು ಆಟ ಜಾಗ ಕೊಡುತ್ತದೆ ಅನ್ನುವುದು ಈ ಮಣ್ಣಿಗೆ ಗೊತ್ತಿರುವ ಸಂಗತಿಯೇ.

ಹೆಜ್ಜೆ 1: ಕಥೆ ಹುಡುಕಿ, ಬರೆಯಬೇಡಿ

ಮನೆಯಲ್ಲಿ ಕೂತು ಕಥೆ ಬರೆಯಬೇಡಿ. ನಾಲ್ಕೈದು ಸಂಜೆ ತೋಟದ ಕೆಲಸದವರ ಲೈನ್ ಮನೆಗಳ ಮುಂದೆ, ಸ್ವಸಹಾಯ ಸಂಘದ ಸಭೆಯಲ್ಲಿ, ಚಾ ಅಂಗಡಿಯಲ್ಲಿ ಕೂತು ಕೇಳಿ. "ನಿಮ್ಮ ಸಮಸ್ಯೆ ಏನು?" ಅಂತ ಕೇಳಿದರೆ ರಸ್ತೆ, ನೀರು, ಕರೆಂಟು ಅಂತಾರೆ. ಅದು ಅರ್ಜಿಗೆ ಸರಿ, ನಾಟಕಕ್ಕೆ ಅಲ್ಲ. "ಹೇಳಬೇಕು ಅಂತ ಬಾಯಿಗೆ ಬಂದು ನುಂಗಿಕೊಂಡಿದ್ದು ಯಾವಾಗ?" ಅಂತ ಕೇಳಿ. ಕಥೆ ಬರುತ್ತದೆ.

ನಾವು ಮೊದಲು ಆರಿಸಿದ್ದು ಆನೆ. ಕೊಡಗಿನಲ್ಲಿ ಆನೆ ಬಿಟ್ಟು ಬೇರೆ ಮಾತು ಎಲ್ಲಿದೆ? ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿ, ಎಲ್ಲದರ ಬಗ್ಗೆಯೂ ಎಲ್ಲರಿಗೂ ಅಭಿಪ್ರಾಯ ಇದೆ. ಆದರೆ ನಾಟಕ ಕೆಟ್ಟಿದ್ದೇ ಅಲ್ಲಿ. ಆನೆಯನ್ನೇ ಖಳನಾಯಕ ಮಾಡಿದ್ದೆವು. ಆನೆ ಜೊತೆ ಚೌಕಾಸಿ ಮಾಡಲು ಆಗುತ್ತದಾ? ಪ್ರೇಕ್ಷಕರಿಗೆ ಉಳಿದಿದ್ದು ಎರಡೇ ದಾರಿ: ಪಟಾಕಿ ಹೊಡೆಯುವುದು, ಇಲ್ಲವೇ ಓಡುವುದು.

ಎರಡನೇ ಸಲ ಅದೇ ವಿಷಯವನ್ನು ತಿರುಗಿಸಿದೆವು. ಆನೆ ರಂಗಕ್ಕೆ ಬರುವುದೇ ಇಲ್ಲ. ಗದ್ದೆಗೆ ರಾತ್ರಿ ಆನೆ ಬಂದಿದೆ, ಇನ್ನೂ ತೋಟದೊಳಗೇ ಇದೆ ಅನ್ನುವ ಸುದ್ದಿ ಬಂದಿದೆ. ಕಾಫಿ ಕುಯ್ಲಿನ ಸಮಯ. ತೋಟದ ಕೆಲಸದಾಕೆ ಗೌರಿಗೆ ಬೇಕಿರುವುದು ಇಷ್ಟೇ: ಅರಣ್ಯ ಇಲಾಖೆಯ ತುರ್ತು ತಂಡ ಆರ್‌ಆರ್‌ಟಿಯವರು ಬಂದು ನೋಡಿ, ಆನೆ ಹೋಗಿದೆ ಅನ್ನುವವರೆಗೆ ಆ ಬ್ಲಾಕಿಗೆ ಇಳಿಯಬಾರದು, ಅವತ್ತಿನ ಕೂಲಿಯೂ ಹೋಗಬಾರದು. ಅಡ್ಡ ನಿಂತವರೆಲ್ಲ ಮನುಷ್ಯರು. ಈಗ ಮಾತಿಗೆ ಜಾಗ ಸಿಕ್ಕಿತು.

ಒಳ್ಳೆಯ ಕಥೆಗೆ ನನ್ನ ಪರೀಕ್ಷೆ ಇದು. ಮುಖ್ಯ ಪಾತ್ರಕ್ಕೆ ಏನು ಬೇಕು ಅನ್ನುವುದನ್ನು ಒಂದು ವಾಕ್ಯದಲ್ಲಿ ಹೇಳಬಹುದಾ? ಅವಳನ್ನು ತಡೆಯುವವರು ಮನುಷ್ಯರಾ? ಅವಳ ಕೈಯಲ್ಲಿ ಕೊನೇ ಪಕ್ಷ ಮೂರು ಕಡೆ ಬೇರೆ ರೀತಿ ಮಾಡುವ ಅವಕಾಶ ಇತ್ತಾ? ಒಂದಕ್ಕೆ ಇಲ್ಲ ಅಂತ ಬಂದರೂ ಕಥೆ ಬದಲಾಯಿಸಿ.

ಹೆಜ್ಜೆ 2: ಸೋಲನ್ನು ಕಟ್ಟಿ

ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. ನಾಟಕ 15 ನಿಮಿಷ ದಾಟಬಾರದು. ನಮ್ಮದರಲ್ಲಿ ನಾಲ್ಕು ದೃಶ್ಯ.

ಬೆಳಿಗ್ಗೆ ಆರೂವರೆ, ಲೈನ್ ಮನೆ. ಆನೆ ಸುದ್ದಿ ಬರುತ್ತದೆ. ಗೌರಿ ಇವತ್ತು ಬೇಡ ಅನ್ನುತ್ತಾಳೆ. ಗಂಡ, "ಅಡ್ವಾನ್ಸ್ ತಗೊಂಡಿದ್ದೀವಿ, ನೆನಪಿದೆಯಾ?" ಅನ್ನುತ್ತಾನೆ. ಎರಡನೆಯದರಲ್ಲಿ ಪಕ್ಕದ ಮನೆಯ ಸೀತಕ್ಕ. ಅವಳಿಗೂ ಹೆದರಿಕೆಯೇ. ಆದರೂ, "ನೀನು ಹೇಳು, ನಾನು ಹಿಂದೆ ಇರ್ತೀನಿ" ಅನ್ನುತ್ತಾಳೆ. ಮೂರನೆಯದು ದಾರಿಯಲ್ಲಿ. ಮೇಸ್ತ್ರಿ, "ಪಟಾಕಿ ಹೊಡೆದಾಗಿದೆ, ಹೋಗಿರುತ್ತೆ ಬನ್ನಿ" ಅನ್ನುತ್ತಾನೆ. ಕೊನೆಗೆ ತೋಟದ ಲೆಕ್ಕ ಬರೆಯುವ ರೈಟರ್, ಕೈಯಲ್ಲಿ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ. ಗೌರಿ ಬಾಯಿ ತೆರೆಯುತ್ತಾಳೆ. ಅವನು ತಲೆ ಎತ್ತದೆ, "ಹೆಸರು ಬರೀಲಾ, ಬಿಡ್ಲಾ?" ಅನ್ನುತ್ತಾನೆ. ಗೌರಿ ತಿರುಗಿ ನೋಡುತ್ತಾಳೆ. ಸೀತಕ್ಕ ಆಗಲೇ ಚೀಲ ಎತ್ತಿಕೊಂಡಿದ್ದಾಳೆ. ಗೌರಿಯೂ ಎತ್ತಿಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯಿತು.

ಆನೆ ಬಂದು ತುಳಿಯುವ ಕೊನೆಯನ್ನೂ ಒಮ್ಮೆ ಮಾಡಿ ನೋಡಿದ್ದೆವು. ಬೇಡವೇ ಬೇಡ. ಸಾವು ಬಂದರೆ ಜನ ಅಳುತ್ತಾರೆ, ಏಳುವುದಿಲ್ಲ. ಇಂಥ ಸಾವು ಕಂಡ ಮನೆಯವರು ಅಲ್ಲೇ ಕೂತಿರಬಹುದು, ಅದು ಬೇರೆ ಮಾತು.

ಸೋಲು ನಂಬುವ ಹಾಗಿರಬೇಕು. ಗೌರಿ ಪೆದ್ದಿಯಾದರೆ ಜನ ನಗುತ್ತಾರೆ. ರೈಟರ್ ರಾಕ್ಷಸನಾದರೆ, "ಇಂಥವನ ಹತ್ತಿರ ಏನು ಮಾತು" ಅಂತ ಕೈಬಿಡುತ್ತಾರೆ. ಅವನಿಗೂ ಒಂದು ಕಾರಣ ಕೊಡಿ. ಹಣ್ಣು ಉದುರುತ್ತಿದೆ, ಕುಯ್ಯಲು ಆಳಿಲ್ಲ, ಸಾಹುಕಾರ್ರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಅವನು ಕೆಟ್ಟವನಲ್ಲ, ಆದರೆ ಜಗ್ಗುವುದಿಲ್ಲ. ಅಂಥವನ ಎದುರು ಗೆಲ್ಲುವುದು ಹೇಗೆ ಅನ್ನುವುದೇ ಪ್ರಶ್ನೆ, ಅಲ್ವಾ?

ಕೊಡಗಿಗೇ ಮೀಸಲಾದ ಒಂದು ಎಚ್ಚರಿಕೆ: ಪಾತ್ರಕ್ಕೆ ಮನೆ ಹೆಸರು ಇಡಬೇಡಿ. ನಾವು ಸುಮ್ನೆ ತಮಾಷೆಗೆ ಸಾಹುಕಾರ್ರಿಗೆ ಒಂದು ಮನೆ ಹೆಸರು ಕಟ್ಟಿದ್ದೆವು. ಮೂರನೇ ಸಾಲಿನಲ್ಲಿ ಒಬ್ಬರು ಎದ್ದು, "ಅದು ನಮ್ಮ ಅಜ್ಜಿಯ ತಾಯಿಮನೆ" ಅಂದರು. ಇಲ್ಲಿ ಯಾವ ಹೆಸರು ಇಟ್ಟರೂ ಯಾರದ್ದೋ ಐನ್‌ಮನೆಗೆ (ಕುಲದ ಮೂಲಮನೆಗೆ) ಹೋಗಿ ಮುಟ್ಟುತ್ತದೆ. ಜಾತಿ, ಜನಾಂಗ ಗೊತ್ತಾಗದ ಹೆಸರಿಡಿ. ಸಾಹುಕಾರ್ರನ್ನು ರಂಗಕ್ಕೆ ತರಲೇ ಬೇಡಿ, ಫೋನಿನ ಆ ಕಡೆ ಇರಲಿ.

ಹೆಜ್ಜೆ 3: ತಂಡ, ತಾಲೀಮು

ಆರು ಜನ ಸಾಕು, ಜೊತೆಗೆ ಒಬ್ಬ ನಿರೂಪಕ. ಬೋಆಲ್ ಈ ನಿರೂಪಕನಿಗೆ ಇಟ್ಟ ಹೆಸರು ಜೋಕರ್. ಕೋಡಂಗಿ ಅಂತಲ್ಲ, ಇಸ್ಪೀಟಿನ ಜೋಕರ್. ಅದು ಯಾವ ಬಣ್ಣಕ್ಕೂ ಸೇರಿಲ್ಲ, ಎಲ್ಲಿ ಬೇಕಾದರೂ ಕೂರುತ್ತದೆ. ರಮ್ಮಿ ಆಡುವವರಿಗೆ ಹೇಳಬೇಕಾಗಿಲ್ಲ.

ಏಳೆಂಟು ಸಂಜೆ ತಾಲೀಮು ಬೇಕು. ಮೊದಲ ಎರಡು ಸಂಜೆ ಮಾತು ಬೇಡ, ಬರೀ ಮೈಯ ಆಟ. ಬೋಆಲ್ ಕಲಿಸಿದ ಅಂಗೈ ಆಟ ನನಗೆ ತುಂಬ ಇಷ್ಟ. ಒಬ್ಬರು ಇನ್ನೊಬ್ಬರ ಮುಖದಿಂದ ಗೇಣುದ್ದ ದೂರದಲ್ಲಿ ಅಂಗೈ ಹಿಡಿಯಬೇಕು. ಕೈ ಹೋದಲ್ಲಿಗೆ ಮುಖ ಹೋಗಬೇಕು, ದೂರ ಒಂದೇ ಸಮ ಇರಬೇಕು. ಕೈ ಕೆಳಗಿಳಿದರೆ ಮಂಡಿಯೂರಿ, ಹಿಂದೆ ಹೋದರೆ ಬಾಗಿ. ಐದು ನಿಮಿಷದ ಬಳಿಕ ಅದಲು ಬದಲು. ಯಾರೂ ಏನೂ ಹೇಳಿಕೊಡದೆ, ಯಾರದೋ ಕೈಗೆ ಕುಣಿಯುವುದು ಅಂದ್ರೆ ಏನು ಅನ್ನುವುದು ಬೆನ್ನಿಗೆ ಗೊತ್ತಾಗುತ್ತದೆ. ಇನ್ನೊಂದು ಗೊಂಬೆ ಆಟ. ಮಾತಿಲ್ಲದೆ ಒಬ್ಬರು ಉಳಿದವರ ಕೈಕಾಲು ತಿದ್ದಿ "ಹಾಜರಿ ಹೊತ್ತು" ಅನ್ನುವ ಚಿತ್ರ ಮಾಡಬೇಕು. ನಮ್ಮ ರೈಟರ್ ತಲೆ ಎತ್ತದೆ ಮಾತಾಡುವುದು ಸಿಕ್ಕಿದ್ದೇ ಈ ಆಟದಲ್ಲಿ. ತೋಟದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅವನ ಕತ್ತು ಹಿಡಿದು ಪುಸ್ತಕದ ಕಡೆ ಬಗ್ಗಿಸಿಬಿಟ್ಟಳು.

ಸಂಭಾಷಣೆ ಬಾಯಿಪಾಠ ಮಾಡಿಸಬೇಡಿ. ಪಾತ್ರಧಾರಿಯನ್ನು ನಡುವೆ ಕೂರಿಸಿ ಪ್ರಶ್ನೆ ಹಾಕಿ. ರೈಟ್ರೇ, ನಿಮಗೆ ಸಂಬಳ ಎಷ್ಟು? ಮಕ್ಕಳು ಎಲ್ಲಿ ಓದುತ್ತಿದ್ದಾರೆ? ಸಾಹುಕಾರ್ರು ನಿಮ್ಮನ್ನು ಕೊನೆಯ ಸಲ ಬೈದಿದ್ದು ಯಾವಾಗ? ಅವನು ಪಾತ್ರವಾಗಿಯೇ ಉತ್ತರ ಕೊಡಬೇಕು. ನಾಳೆ ಪ್ರೇಕ್ಷಕರು ಏನೇ ಕೇಳಲಿ, ಉತ್ತರ ಈ ಮೂಟೆಯಿಂದಲೇ ಬರಬೇಕು.

ಎದುರಾಳಿ ಎಷ್ಟು ಬಿಟ್ಟುಕೊಡಬೇಕು? ನಿಜ ಜೀವನದಲ್ಲಿ ಅಂಥವರು ಎಷ್ಟು ಬಿಟ್ಟುಕೊಡುತ್ತಾರೋ ಅಷ್ಟೇ. ಬಂದವರಿಗೆ ಬೇಜಾರಾಗಬಾರದು ಅಂತ ಬೇಗ ಸೋಲುವ ರೈಟರ್ ಯಾರಿಗೂ ಉಪಕಾರ ಮಾಡುವುದಿಲ್ಲ. ಏನೇ ಆದರೂ ಜಗ್ಗದ ರೈಟರ್ ಕೂಡ ಅಷ್ಟೇ. ತಾಲೀಮಿನಲ್ಲಿ ಗೌರಿಯ ಜಾಗಕ್ಕೆ ಹತ್ತು ಥರದವರನ್ನು ಕಳಿಸಿ: ಕೂಗಾಡುವವರು, ಅಳುವವರು, ಕಾನೂನು ಹೇಳುವವರು, ನಗಿಸುವವರು, ಸುಮ್ಮನೆ ನಿಲ್ಲುವವರು. ಕೊನೆಯವರೇ ಕಷ್ಟ.

ಹೆಜ್ಜೆ 4: ಜಾಗ, ದಿನ, ಹೊತ್ತು

ಜೂನ್‌ನಿಂದ ಸೆಪ್ಟೆಂಬರ್ ಮರೆತುಬಿಡಿ, ಮಳೆ. ನವೆಂಬರ್‌ನಿಂದ ಫೆಬ್ರವರಿ ಕುಯ್ಲು, ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್ ಕೊನೆಯಿಂದ ಮೇ ಸರಿ. ಆಗಲೂ ಕಾಫಿ ಹೂ ಬಿಡಿಸುವ ಹೂ ಮಳೆ ಸಂಜೆ ಹೊತ್ತಿಗೆ ಬರಬಹುದು, ಪಕ್ಕದಲ್ಲಿ ಶಾಲೆ ಜಗಲಿಯೋ ಸಮುದಾಯ ಭವನವೋ ಇರಲಿ. ಭಾನುವಾರ ಒಳ್ಳೆಯದು, ಆದರೆ ಹತ್ತಿರದ ಸಂತೆ ಅವತ್ತೇ ಇದ್ದರೆ ಜನ ಅಲ್ಲಿರುತ್ತಾರೆ.

ಮೂರೂವರೆಗೆ ಶುರು, ಐದೂವರೆಗೆ ಮುಕ್ತಾಯ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಜನರನ್ನು ಮನೆಗೆ ಕಳಿಸಿ ಆನೆ ನಾಟಕ ಆಡಿದೆವು ಅನ್ನುವುದರಲ್ಲಿ ಅರ್ಥವಿಲ್ಲ.

ಜಾಗದ ವಿಷಯದಲ್ಲಿ ಕಾಫಿ ಕಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಕುಯ್ಲು ಮುಗಿದು ಖಾಲಿ ಇರುತ್ತದೆ, ಚಪ್ಪಟೆ, ಸುತ್ತ ಕೂರಬಹುದು. ನನ್ನ ಸಲಹೆ, ಬೇಡ. ಕಣ ಸಾಹುಕಾರ್ರದ್ದು. ಅವರು ಎಷ್ಟೇ ಒಳ್ಳೆಯವರಾಗಿರಲಿ, ಅವರ ಕಣದಲ್ಲಿ ಅವರ ಕೆಲಸದವರು ಎದ್ದು ಬರುವುದಿಲ್ಲ. ಮಂದ್ ಚೆನ್ನಾಗಿರುತ್ತದೆ. ಸುಗ್ಗಿ ಹಬ್ಬ ಪುತ್ತರಿಯ ಕೋಲಾಟಕ್ಕೆ ಊರೇ ಸೇರುವ ಜಾಗ. ಆದರೆ ಅದಕ್ಕೆ ಅದರದ್ದೇ ಕಟ್ಟುಪಾಡು ಇದೆ. ಊರ ಮುಖ್ಯಸ್ಥರಾದ ತಕ್ಕರನ್ನು ಕೇಳದೆ ಕಾಲಿಡಬೇಡಿ, ಎಲ್ಲ ಜನಾಂಗದವರೂ ಅಲ್ಲಿಗೆ ಸಂಕೋಚವಿಲ್ಲದೆ ಬರುತ್ತಾರಾ ಅಂತಲೂ ಯೋಚಿಸಿ. ಬಹಳಷ್ಟು ಸಲ ಸರ್ಕಾರಿ ಶಾಲೆ ಮೈದಾನವೇ ವಾಸಿ. ವೇದಿಕೆ ಹತ್ತಬೇಡಿ. ನೆಲದ ಮೇಲೆ ಸುಣ್ಣದಲ್ಲಿ ಒಂದು ವೃತ್ತ ಎಳೆಯಿರಿ. ಮೆಟ್ಟಿಲು ಹತ್ತಿ ಬರುವುದಕ್ಕಿಂತ ಗೆರೆ ದಾಟುವುದು ಸುಲಭ. ಮೈಕ್ ಬಳಸುವುದಾದರೆ ಪೊಲೀಸ್ ಅನುಮತಿ ತಗೊಳ್ಳಿ, ಆದರೆ ಇನ್ನೂರು ಜನಕ್ಕೆ ಮೈಕ್ ಬೇಕಾಗಿಲ್ಲ.

ಇನ್ನೊಂದು, ಇದರಲ್ಲಿ ರಾಜಿ ಇಲ್ಲ. ಒಂದು ತೋಟದಲ್ಲಿ ಕೇಳಿದ ಕಥೆಯನ್ನು ಅದೇ ಊರಲ್ಲಿ ಆಡಬೇಡಿ. ಇಲ್ಲಿಯದನ್ನು ಅಲ್ಲಿ, ಅಲ್ಲಿಯದನ್ನು ಇಲ್ಲಿ ಆಡಿ. ಭಾನುವಾರ ವೃತ್ತದೊಳಗೆ ಧೈರ್ಯ ತೋರಿಸಿದವಳು ಸೋಮವಾರ ಕೆಲಸ ಕಳಕೊಂಡರೆ ನಾಟಕದವರು ಬಂದು ಕೂಲಿ ಕೊಡುತ್ತಾರಾ? ಬೋಆಲ್‌ಗೇ ಇಂಥ ಪಾಠ ಆಗಿತ್ತು. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಅವರ ತಂಡ, ಭೂಮಿಗಾಗಿ ರಕ್ತ ಕೊಡೋಣ ಅಂತ ಬಂದೂಕು ಎತ್ತಿ ಹಾಡುವ ನಾಟಕ ಆಡಿತು. ಮುಗಿದ ಮೇಲೆ ವಿರ್ಜೀಲಿಯೊ ಅನ್ನುವ ರೈತ ಬಂದು, ಬಂದೂಕು ತಗೊಂಡು ನಮ್ಮ ಜೊತೆ ಬನ್ನಿ, ಹೋರಾಡೋಣ ಅಂದ. ಬಂದೂಕು ಬರೀ ನಾಟಕದ್ದು ಅಂತ ಇವರು ತಡವರಿಸಬೇಕಾಯಿತು. ತಾನು ಹೊರಲಾರದ ಅಪಾಯವನ್ನು ಬೇರೆಯವರಿಗೆ ಉಪದೇಶ ಮಾಡುವುದನ್ನು ಬೋಆಲ್ ಅಲ್ಲಿಗೆ ಬಿಟ್ಟರು.

ಹೆಜ್ಜೆ 5: ಆಡುವ ದಿನ, ಜೋಕರ್ ಏನು ಮಾಡಬೇಕು

ಮೊದಲು ಜನರನ್ನು ಸಡಿಲ ಮಾಡಿ. ಕೂತಲ್ಲೇ ಮಾಡುವ ಒಂದು ಆಟ: ಬಲಗೈಯಲ್ಲಿ ಗಾಳಿಯಲ್ಲಿ ವೃತ್ತ, ಎಡಗೈಯಲ್ಲಿ ಕೂಡಿಸುವ ಚಿಹ್ನೆ, ಎರಡೂ ಒಟ್ಟಿಗೆ. ಯಾರಿಗೂ ಬರುವುದಿಲ್ಲ. ಪಂಚಾಯಿತಿ ಅಧ್ಯಕ್ಷರಿಗೂ ಬರುವುದಿಲ್ಲ, ಆಗ ನಗು ಏಳುತ್ತದೆ. ತಪ್ಪಿದರೂ ಪರವಾಗಿಲ್ಲ ಅನ್ನುವುದು ತಿಳಿಯಲು ಇಷ್ಟು ಸಾಕು.

ನಾಟಕವನ್ನು ಒಮ್ಮೆ ಪೂರ್ತಿ ಆಡಿ. ಬಳಿಕ ಕೇಳಿ: "ಇದು ನಿಜಕ್ಕೂ ನಡೆಯೋದಾ? ಗೌರಿಗೆ ಏನು ಬೇಕಿತ್ತು? ಸಿಕ್ತಾ?" ಈಗ ನಾನು ಮೊದಲ ಸಲ ಮಾಡಿದ ತಪ್ಪು ಮಾಡಬೇಡಿ. ನೇರವಾಗಿ ಕರೆಯಬೇಡಿ. "ಪಕ್ಕದಲ್ಲಿ ಕೂತವರ ಹತ್ತಿರ ಎರಡು ನಿಮಿಷ ಮಾತಾಡಿ, ಗೌರಿ ಎಲ್ಲಿ ತಪ್ಪಿದಳು?" ಅನ್ನಿ. ಮೈದಾನ ಗುಜುಗುಜು ಅನ್ನುತ್ತದೆ. ಆ ಸದ್ದು ಬಂತು ಅಂದರೆ ಅರ್ಧ ಕೆಲಸ ಆಯಿತು. ಬಾಯಲ್ಲಿ ಒಮ್ಮೆ ಹೇಳಿದ ಮಾತನ್ನು ಎದ್ದು ಹೇಳಲು ಅಷ್ಟು ಹೆದರಿಕೆ ಇರುವುದಿಲ್ಲ.

ಬಳಿಕ ನಿಯಮ ಹೇಳಿ. ನಾಟಕವನ್ನು ಎರಡನೇ ಸಲ, ಸ್ವಲ್ಪ ಬೇಗ ಆಡುತ್ತೇವೆ. ಎಲ್ಲಿ ಬೇಕಾದರೂ "ನಿಲ್ಲಿ!" ಅಂತ ಕೂಗಿ. ನಟರು ಕಲ್ಲಾಗುತ್ತಾರೆ. ನೀವು ಬಂದು ಗೌರಿಯ ತಲೆಬಟ್ಟೆ ಕಟ್ಟಿಕೊಳ್ಳಿ, ಎಲ್ಲಿಂದ ಶುರು ಮಾಡಬೇಕು ಹೇಳಿ. ಮೈಮೇಲೆ ಕೈ ಹಾಕುವ ಹಾಗಿಲ್ಲ. ಹೊಡೆಯಲೇಬೇಕು ಅನ್ನಿಸಿದರೆ ದೂರದಿಂದ, ನಿಧಾನಕ್ಕೆ, ಮುಟ್ಟದೆ. (ಪೊರಕೆ ಕಥೆ ನೆನಪಿರಲಿ.)

ಯಾರಾದರೂ ಬಂದಾಗ ಹೆಸರು, ಊರು ಕೇಳಬೇಡಿ. ಅಕ್ಕ, ಅಣ್ಣ, ಅಜ್ಜಿ ಅಂದರೆ ಸಾಕು. ಪ್ರತಿ ಪ್ರಯತ್ನಕ್ಕೂ ಚಪ್ಪಾಳೆ ಹೊಡೆಸಿ, ಆದರೆ ಸರಿ, ತಪ್ಪು ಅನ್ನಬೇಡಿ. ಎರಡು ಪ್ರಶ್ನೆ ಮಾತ್ರ: "ಅಕ್ಕ ಏನು ಮಾಡಿದ್ರು? ಅದರಿಂದ ಏನು ಬದಲಾಯ್ತು?" ಉತ್ತರ ಪ್ರೇಕ್ಷಕರಿಂದ ಬರಲಿ. ನಿಮ್ಮ ಅಭಿಪ್ರಾಯ ಇದ್ದರೆ ಮನೆಗೆ ಹೋಗಿ ಹೆಂಡತಿಗೋ ಗಂಡನಿಗೋ ಹೇಳಿ.

ಒಂದು ಊರಲ್ಲಿ ಮೊದಲು ಬಂದವನು ಕಾಲೇಜು ಹುಡುಗ. "ವಿಡಿಯೋ ಮಾಡಿ ವಾಟ್ಸಾಪ್‌ಗೆ ಹಾಕ್ತೀನಿ" ಅಂತ ರೈಟರ್‌ಗೆ ಮೊಬೈಲ್ ತೋರಿಸಿದ. ಜನ ಶಿಳ್ಳೆ ಹೊಡೆದರು. ನಮ್ಮ ರೈಟರ್ ಶಾಂತವಾಗಿ, "ಹಾಕು. ನಾಳೆಯಿಂದ ಬರಬೇಡ. ಅಡ್ವಾನ್ಸ್ ಇವತ್ತೇ ಕಟ್ಟು" ಅಂದ. ಶಿಳ್ಳೆ ನಿಂತಿತು. ಹುಡುಗ ಬಂದ ದಾರಿಯಲ್ಲಿ ಹೋಗಿ ಕೂತ. ಅಡ್ವಾನ್ಸ್ ಮಾತು ಇತ್ಯರ್ಥವಾಗದೆ ಯಾವ ಧೈರ್ಯವೂ ನಿಲ್ಲುವುದಿಲ್ಲ ಅಂತ ಇಡೀ ಮೈದಾನಕ್ಕೆ ಆ ಒಂದು ನಿಮಿಷದಲ್ಲಿ ತಿಳಿಯಿತು. ನಾನು ಒಂದು ಗಂಟೆ ಭಾಷಣ ಮಾಡಿದ್ದರೂ ತಿಳಿಯುತ್ತಿರಲಿಲ್ಲ.

ಬಳಿಕ ಒಬ್ಬ ಅಜ್ಜಿ ಬಂದರು. ರೈಟರ್ ಹತ್ತಿರ ಹೋಗಲೇ ಇಲ್ಲ. ಎರಡನೇ ದೃಶ್ಯಕ್ಕೆ ಹೋಗಿ ಸೀತಕ್ಕನನ್ನು ಹಿಡಿದುಕೊಂಡು, "ಹಿಂದೆ ಬೇಡ, ಪಕ್ಕದಲ್ಲಿ ನಿಲ್ತೀಯಾ?" ಅಂತ ಕೇಳಿದರು. ಆಮೇಲೆ ಹಾಜರಿ ಹೊತ್ತಿಗೆ ಹೋಗಿ ನೆಲದ ಮೇಲೆ ಕೂತರು. ಮಾತಿಲ್ಲ. ಸೀತಕ್ಕನ ಪಾತ್ರಧಾರಿಗೆ ಏನು ಮಾಡಬೇಕು ತಿಳಿಯದೆ ಅವಳೂ ಕೂತಳು. ಉಳಿದವರೂ ಕೂತರು. ರೈಟರ್ ಮೊದಲ ಸಲ ಪುಸ್ತಕದಿಂದ ತಲೆ ಎತ್ತಿದ.

ಸಿಕ್ಕು ಬರುವ ಕಡೆಗಳೂ ಇವೆ. ಒಬ್ಬರು ಬಂದು, "ಸಾಹುಕಾರ್ರಿಗೆ ಫೋನ್ ಮಾಡಿದೆ, ಅವರು ಒಪ್ಪಿದರು" ಅನ್ನುತ್ತಾರೆ. ಬೋಆಲ್ ಇಂಥದ್ದನ್ನು ಮಾಯೆ ಅಂತ ಕರೆಯುತ್ತಿದ್ದರು. ಜೋಕರ್ ತಾನೇ ತಳ್ಳಿಹಾಕಬಾರದು. ಪ್ರೇಕ್ಷಕರ ಕಡೆ ತಿರುಗಿ, "ಇದು ನಡೆಯುತ್ತಾ?" ಅಂತ ಕೇಳಿದರೆ ಅವರೇ ನಗುತ್ತಾರೆ. ಇನ್ನೊಬ್ಬರು ಒಳ್ಳೆಯ ರೈಟರ್ ಆಗಿ ಬರುತ್ತೇನೆ ಅನ್ನುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಬಿಡಬಾರದು. ರೈಟರ್ ಒಳ್ಳೆಯವನಾದರೆ ಸಮಸ್ಯೆಯೇ ಇಲ್ಲವಲ್ಲ! ಗೌರಿ, ಸೀತಕ್ಕ, ಬೇಕಾದರೆ ಗಂಡ, ಈ ಮೂವರ ಜಾಗಕ್ಕೆ ಮಾತ್ರ ಬರಲಿ. ಆದರೆ ನಾನೇ ಒಮ್ಮೆ ಈ ನಿಯಮ ಮುರಿದೆ. ನಿಜವಾದ ರೈಟರ್ ಒಬ್ಬರು ಎದ್ದು, "ನನ್ನ ಕಷ್ಟ ಯಾರೂ ತೋರಿಸಲಿಲ್ಲ" ಅಂದರು. ಅವರನ್ನು ಕರೆದು ಸಾಹುಕಾರ್ರ ಜೊತೆಗಿನ ಫೋನ್ ಮಾತನ್ನು ಆಡಿಸಿದೆವು. ಬೇರೆಯೇ ನಾಟಕ ಹುಟ್ಟಿತು.

ಭಾಷೆ ಬಗ್ಗೆ ಎರಡು ಮಾತು. ನಾಟಕ ಕನ್ನಡದಲ್ಲಿದ್ದರೂ ಬಂದವರು ತಮ್ಮ ಮಾತಲ್ಲೇ ಆಡಲಿ: ಕೊಡವ ತಕ್ಕ್, ಅರೆಭಾಷೆ, ಎರವ, ಮಲಯಾಳ, ತುಳು, ಈಗೀಗ ತೋಟಕ್ಕೆ ಬರುವವರ ಅಸ್ಸಾಮಿ ಕೂಡ. ಜೋಕರ್ ಒಂದು ಸಾಲಲ್ಲಿ ಕನ್ನಡಕ್ಕೆ ತಂದರೆ ಸಾಕು. ಹರದಾಸ ಅಪ್ಪಚ್ಚ ಕವಿ ಕಳೆದ ಶತಮಾನದ ಆರಂಭದಲ್ಲೇ ಕೊಡವ ಭಾಷೆಯಲ್ಲಿ ನಾಟಕ ಬರೆದರು. ಸ್ವಂತ ಮಾತು ರಂಗದ ಮೇಲೆ ಕೇಳುವ ಖುಷಿ ಇಲ್ಲಿಯವರಿಗೆ ಗೊತ್ತು. ಕೋಪ ಬಂದಾಗ ಯಾರೂ ಎರಡನೇ ಭಾಷೆಯಲ್ಲಿ ಬೈಯುವುದಿಲ್ಲ.

ಆರೇಳು ಪ್ರಯತ್ನ ಆದ ಮೇಲೆ, ಜನ ಇನ್ನೂ ಬರುತ್ತಿರುವಾಗಲೇ ನಿಲ್ಲಿಸಿ.

ಹೆಜ್ಜೆ 6: ಆಮೇಲೆ

ಒಬ್ಬರು ಮೊದಲಿಂದ ಎಲ್ಲ ಸಲಹೆ ಬರೆದುಕೊಳ್ಳುತ್ತಿರಲಿ, ಹೆಸರಿಲ್ಲದೆ. ಬೋಆಲ್ 1993ರಿಂದ 1996ರವರೆಗೆ ರಿಯೊ ನಗರಸಭೆಯ ಸದಸ್ಯರಾಗಿದ್ದರು. ಆಗ ಇಂಥ ನಾಟಕಗಳಲ್ಲಿ ಜನ ಆಡಿ ತೋರಿಸಿದ್ದನ್ನೇ ಮಸೂದೆ ಮಾಡಿದರು. 13 ಕಾನೂನುಗಳು ಬಂದವು. ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ 1985ರಿಂದ ಹಳ್ಳಿಗಳಲ್ಲಿ ಫೋರಂ ನಾಟಕ ಆಡುತ್ತಿದೆ. ಒಂದು ಸಲ ಆಡಿ ಹೋಗುವುದಲ್ಲ, ಮತ್ತೆ ಮತ್ತೆ ಅದೇ ಹಳ್ಳಿಗೆ ಬರುತ್ತದೆ. ನಮ್ಮ ಮಟ್ಟಕ್ಕೆ ಗ್ರಾಮಸಭೆ ಇದೆ. ಸಲಹೆಗಳಲ್ಲಿ ಪಂಚಾಯಿತಿ ಕೈಯಲ್ಲಾಗುವ ಎರಡು ಆರಿಸಿ. ಆನೆ ಸುದ್ದಿ ಬಂದ ಬೆಳಿಗ್ಗೆ ಲೈನ್ ಮನೆಗಳಿಗೆ ಯಾರು ತಿಳಿಸಬೇಕು ಅನ್ನುವಂಥದ್ದು. ಅದನ್ನು ಬರೆದು ಮುಂದಿನ ಗ್ರಾಮಸಭೆಗೆ ಕೊಡಿ, ಕೊಟ್ಟಿದ್ದಕ್ಕೆ ಹಿಂಬರಹ ತಗೊಳ್ಳಿ. ಒಂದು ತಿಂಗಳ ಒಳಗೆ ಅದೇ ಊರಿಗೆ ಹೋಗಿ ಏನಾಯಿತು ಕೇಳಿ.

ಖರ್ಚು ಜಾಸ್ತಿ ಇಲ್ಲ. ಒಂದು ಚೀಲ, ಒಂದು ತಲೆಬಟ್ಟೆ, ಒಂದು ಹಳೇ ಪುಸ್ತಕ, ಸುಣ್ಣ, ಚಾ. ದೊಡ್ಡ ಖರ್ಚು ಜೀಪಿನದು. ದೂರದ ಲೈನ್ ಮನೆಯವರನ್ನು ಬೆಳಕಿರುವಾಗಲೇ ಮುಟ್ಟಿಸಲು ಎರಡು ಜೀಪು ಮೊದಲೇ ಹೇಳಿಡಿ. ಬರೆದುಕೊಳ್ಳುವವರನ್ನು ಅದರಲ್ಲೇ ಕೂರಿಸಿ ಕಳಿಸಿ. ಮೈದಾನದಲ್ಲಿ ಬಾಯಿ ಬಿಡದವರು ಜೀಪಿನ ಹಿಂದೆ ಕೂತು, "ನಾನಾಗಿದ್ರೆ..." ಅಂತ ಶುರು ಮಾಡುವುದು ಆಗಲೇ.